ಕೈಬ್ರೇಕ್ ಎಳೆದ ಲಾರಿ ಕಡಲಲ್ಲಿ ಜಾರುವುದೇಕೆ?

ಶರಾವತಿ ಹಿನ್ನೀರಿನ ಲಾಂಚಿನಲ್ಲಿ ಸಿಗಂದೂರಿಗೆ ಹೋಗಿಬಂದವರಿಗೆ ಈ ನೋಟ ಗೊತ್ತು. ಬಸ್ಸು, ಕಾರು, ಬೈಕು, ಜನ ಎಲ್ಲ ಒಂದೇ ಚಪ್ಪಟೆ ಡೆಕ್ಕಿನ ಮೇಲೆ. ಚಾಲಕ ಕೈಬ್ರೇಕ್ ಎಳೆದು ಕೆಳಗಿಳಿದರೆ ಅವನ ಕೆಲಸ ಮುಗಿಯಿತು. 2025ರ ಜುಲೈನಲ್ಲಿ ಸೇತುವೆ ಸಂಚಾರಕ್ಕೆ ತೆರೆಯುವ ತನಕ ಹೀಗೆಯೇ ನಡೆದುಬಂತು. ಬಸ್ಸಿಗೆ ಯಾರೂ ಸರಪಳಿ ಬಿಗಿಯಲಿಲ್ಲ. ಆ ಶಾಂತ ನೀರಿನಲ್ಲಿ ಅದರ ಅಗತ್ಯವೂ ಇರಲಿಲ್ಲ.

ಈಗ ಉತ್ತರ ಐರ್ಲೆಂಡಿನ ಲಾರ್ನ್ ಬಂದರಿಗೆ ಹೋಗೋಣ. ಎದುರಿಗೆ ಸ್ಕಾಟ್ಲೆಂಡಿನ ಕೇರ್ನ್‌ರಯಾನ್. ನಡುವಿನ ಸಮುದ್ರದ ಹೆಸರು ನಾರ್ತ್ ಚಾನೆಲ್. ದಾಟಲು ಸುಮಾರು ಎರಡು ಗಂಟೆ ಸಾಕು. ಹಡಗು ದೊಡ್ಡದು, ಡೆಕ್ ಉಕ್ಕಿನದು, ಲಾರಿಗಳೂ ನಮ್ಮ ಹೆದ್ದಾರಿಯಲ್ಲಿ ಓಡುವಂಥ ಭಾರೀ ಲಾರಿಗಳೇ. ಆದರೂ ಚಳಿಗಾಲದಲ್ಲಿ ಗಾಳಿಯ ಮುನ್ಸೂಚನೆ ಬಂತೆಂದರೆ ಅಲ್ಲಿನ ಡೆಕ್ ಸಿಬ್ಬಂದಿ ಲಾರಿ ಲಾರಿಯ ನಡುವೆ ನುಸುಳಿ, ಬೆನ್ನು ಬಗ್ಗಿಸಿ, ಒಂದೊಂದನ್ನೂ ಎರಡೂ ಬದಿಯಿಂದ ಸರಪಳಿ ಹಾಕಿ ನೆಲಕ್ಕೆ ಬಿಗಿಯುತ್ತಾರೆ. ಚಕ್ರಕ್ಕೆ ಬೆಣೆ ಕೊಡುತ್ತಾರೆ.

ನಲವತ್ತು ಟನ್ ತೂಗುವ ಲಾರಿ. ಆನೆಗಳ ಹಿಂಡು ಬಂದರೂ ಅಲುಗಿಸುವುದು ಕಷ್ಟ. ಘಾಟಿ ರಸ್ತೆಯ ಏರಿನಲ್ಲಿ ಕೆಟ್ಟು ನಿಂತರೂ ಕೈಬ್ರೇಕಿನ ಬಲದ ಮೇಲೆ ರಾತ್ರಿಯಿಡೀ ನಿಲ್ಲುತ್ತದೆ. ಅಂಥದ್ದು ಹಡಗಿನಲ್ಲಿ ಜಾರುವುದೇಕೆ? ಅಷ್ಟು ಭಾರವಿದ್ದೂ ಅದನ್ನು ಕಟ್ಟಬೇಕೇಕೆ?

ಭಾರ ಕಾಪಾಡುವುದಿಲ್ಲ

ನಮ್ಮ ಮನಸ್ಸಿನಲ್ಲಿ ಒಂದು ನಂಬಿಕೆ ಬೇರೂರಿದೆ: ಭಾರವಾದದ್ದು ಸುಲಭಕ್ಕೆ ಜಾರುವುದಿಲ್ಲ. ಸಮತಟ್ಟು ನೆಲದಲ್ಲಿ ತಳ್ಳಿ ನೋಡಿದ ಅನುಭವದಿಂದ ಬಂದ ನಂಬಿಕೆ ಅದು. ಇಳಿಜಾರಿನಲ್ಲಿ ಅದು ಕೆಲಸಕ್ಕೆ ಬಾರದು.

ಟೈರು ಮತ್ತು ಡೆಕ್ಕಿನ ನಡುವೆ ಇರುವ ಘರ್ಷಣೆಯನ್ನು ಇಲ್ಲಿ ಹಿಡಿತ ಎಂದು ಕರೆಯೋಣ. ಲಾರಿ ನೆಲವನ್ನು ಎಷ್ಟು ಒತ್ತುತ್ತದೋ ಹಿಡಿತ ಅದರ ಒಂದು ಪಾಲು ಮಾತ್ರ. ರಬ್ಬರು ಮತ್ತು ಉಕ್ಕಿನ ಜೋಡಿಗೆ ಹಡಗಿನವರು ಲೆಕ್ಕ ಹಾಕುವಾಗ ಹತ್ತರಲ್ಲಿ ಮೂರು ಪಾಲು ಎಂದು ಹಿಡಿಯುತ್ತಾರೆ. ಲಾರಿ ಭಾರವಾದಷ್ಟೂ ಹಿಡಿತ ಹೆಚ್ಚುತ್ತದೆ ನಿಜ. ಆದರೆ ಡೆಕ್ ವಾಲಿದಾಗ ಕೆಳಬದಿಗೆ ಎಳೆಯುವ ಬಲವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಒಂದನ್ನು ಇನ್ನೊಂದು ಹೊಡೆದುಹಾಕುವುದರಿಂದ ಕೊನೆಗೆ ತೂಕ ಲೆಕ್ಕದಿಂದಲೇ ಬಿದ್ದುಹೋಗುತ್ತದೆ. ನಲವತ್ತು ಟನ್ ಲಾರಿ, ಒಂದು ಟನ್ ಕಾರು, ಎರಡೂ ಜಾರಲು ಶುರುಮಾಡುವುದು ಒಂದೇ ಕೋನದಲ್ಲಿ. ಹತ್ತರಲ್ಲಿ ಮೂರರ ಹಿಡಿತಕ್ಕೆ ಆ ಕೋನ ಸುಮಾರು 17 ಡಿಗ್ರಿ.

ಘಾಟಿಯಲ್ಲಿ ಏಕೆ ಜಾರಲಿಲ್ಲ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಹತ್ತು ಅಡಿ ಹೋಗುವಾಗ ಒಂದು ಅಡಿ ಏರುವ ರಸ್ತೆ ಲಾರಿ ಚಾಲಕರ ಪಾಲಿಗೆ ಕಡಿದಾದದ್ದು. ಅದರ ಕೋನ ಆರು ಡಿಗ್ರಿಯೂ ಇಲ್ಲ. ನಾವು ನೆಲದ ಮೇಲೆ ಕಾಣುವ ರಸ್ತೆಗಳೆಲ್ಲ ಟೈರಿನ ಹಿಡಿತದ ಗೆರೆಯೊಳಗೇ ಉಳಿಯುವಂತೆ ಕಟ್ಟಿದವು. ಸಮುದ್ರಕ್ಕೆ ಅಂಥ ಕಟ್ಟುಪಾಡಿಲ್ಲ.

ಕೈಬ್ರೇಕಿನ ಬಗ್ಗೆ ಒಂದು ಮಾತು. ಅದು ಚಕ್ರ ಉರುಳದಂತೆ ತಡೆಯುತ್ತದೆ, ಅಷ್ಟೆ. ಉರುಳದ ಚಕ್ರವೂ ಜಾರಬಲ್ಲದು. ಹಡಗು ಹೊರಳುವುದು ಹೆಚ್ಚಾಗಿ ಎಡಕ್ಕೆ ಬಲಕ್ಕೆ, ಲಾರಿ ನಿಂತಿರುವುದು ಹಡಗಿನ ಉದ್ದಕ್ಕೆ. ಆ ಅಡ್ಡಜಾರುವಿಕೆಯಲ್ಲಿ ಬ್ರೇಕಿಗೆ ಪಾತ್ರವೇ ಇಲ್ಲ. ಇನ್ನು ಡೆಕ್ಕಿನ ಮೇಲೆ ಎಣ್ಣೆ ಸೋರಿದ್ದರೆ, ಮಳೆಯಲ್ಲಿ ತೊಯ್ದ ಟೈರುಗಳು ನೀರು ಹೊತ್ತು ತಂದಿದ್ದರೆ ಹಿಡಿತ ಮತ್ತೂ ತಗ್ಗುತ್ತದೆ. ಉಕ್ಕಿನ ಮೇಲೆ ಉಕ್ಕೇ ನಿಂತರೆ ಒಣಗಿದ್ದಾಗಲೂ ಹಿಡಿತ ಹತ್ತರಲ್ಲಿ ಒಂದು ಪಾಲು ಎಂದು ಲೆಕ್ಕ. ಆರು ಡಿಗ್ರಿ ವಾಲಿದರೆ ಸಾಕು, ಕಬ್ಬಿಣದ ಪೆಟ್ಟಿಗೆ ಹೊರಟಿತು.

ಮೊರದ ಕಾಳು

ಹಾಗಾದರೆ ಹಡಗು 17 ಡಿಗ್ರಿ ವಾಲುವ ತನಕ ನಿಶ್ಚಿಂತೆಯೇ? ಅಲ್ಲ. ನಿಂತ ಇಳಿಜಾರಿಗೂ ಅಲುಗುವ ಇಳಿಜಾರಿಗೂ ವ್ಯತ್ಯಾಸವಿದೆ.

ಅಕ್ಕಿ ಕೇರುವವರ ಕೈ ನೋಡಿ. ಅವರು ಮೊರವನ್ನು ಕಡಿದಾಗಿ ವಾಲಿಸುವುದಿಲ್ಲ. ತುಸುವೇ ಓರೆ ಮಾಡಿ, ಒಂದು ಜಗ್ಗು ಕೊಟ್ಟು, ಸರಕ್ಕನೆ ಕೆಳಗಿಳಿಸುತ್ತಾರೆ. ಓರೆಯಾಗಿ ಹಿಡಿದಿದ್ದರೂ ಕದಲದೆ ಕೂತಿದ್ದ ಕಾಳು ಆ ಜಗ್ಗಿಗೆ ಹೊರಟುಬಿಡುತ್ತದೆ. ಇಲ್ಲಿ ಎರಡು ಸಂಗತಿ ಒಟ್ಟಿಗೆ ನಡೆದಿವೆ. ಮೊರ ಹಿಂದಕ್ಕೆ ಸರಿದಾಗ ಕಾಳು ತಾನಿದ್ದಲ್ಲೇ ಇರಲು ಹವಣಿಸಿ ಮೊರದ ಲೆಕ್ಕದಲ್ಲಿ ಮುಂದಕ್ಕೆ ಸರಿಯಿತು. ಮೊರ ಕೆಳಗಿಳಿದಾಗ ಕಾಳು ಮೊರವನ್ನು ಒತ್ತುವ ಭಾರ ಕಡಿಮೆಯಾಗಿ ಹಿಡಿತ ಸಡಿಲವಾಯಿತು.

ಹಡಗಿನ ಡೆಕ್ ದೊಡ್ಡದೊಂದು ಮೊರ. ಅದಕ್ಕೆ ಅಲೆಗಳು ಕೊಡುವ ಚಲನೆ ಹಲವು. ಎಡಬಲಕ್ಕೆ ಹೊರಳುವುದು, ಮೂತಿ ಎತ್ತಿ ಇಳಿಸುವುದು, ಇಡೀ ಮೈ ಏರಿ ಇಳಿಯುವುದು, ಪಕ್ಕಕ್ಕೆ ಸರಿಯುವುದು, ಎಲ್ಲ ಒಟ್ಟೊಟ್ಟಿಗೆ ಬರುತ್ತವೆ. ಲಾರಿಗೆ ಹೆಚ್ಚು ಕಾಟ ಕೊಡುವುದು ಹೊರಳು. ಹೊರಳು ಒಂದು ಬದಿಯ ತುದಿ ಮುಟ್ಟಿ ಹಿಂತಿರುಗುವ ಗಳಿಗೆಯಲ್ಲಿ ಡೆಕ್ ಅತ್ಯಂತ ಓರೆಯಾಗಿರುತ್ತದೆ. ಅದೇ ಗಳಿಗೆಯಲ್ಲಿ ಅದು ಲಾರಿಯ ಕೆಳಗಿನಿಂದ ಎದುರು ದಿಕ್ಕಿಗೆ ಸರಿಯಲು ಶುರುಮಾಡುತ್ತದೆ. ಇಳಿಜಾರಿನ ಎಳೆತ, ತಿರುವಿನ ಜಗ್ಗು ಎರಡೂ ಲಾರಿಯನ್ನು ಒಂದೇ ಕಡೆಗೆ ದಬ್ಬುತ್ತವೆ.

ಅಂದಾಜಿಗೆ ಒಂದು ಲೆಕ್ಕ ನೋಡೋಣ. ಹಡಗು 20 ಡಿಗ್ರಿ ಹೊರಳುತ್ತಿದೆ, ಒಂದು ಪೂರ್ತಿ ಹೊರಳಿಗೆ 12 ಸೆಕೆಂಡು. ಹೊರಳಿನ ಅಕ್ಷದಿಂದ 10 ಮೀಟರ್ ಮೇಲಿನ ಡೆಕ್ಕಿನಲ್ಲಿ ನಮ್ಮ 40 ಟನ್ ಲಾರಿ ಇದೆ. ಇಳಿಜಾರಿನ ಎಳೆತ 13 ಟನ್ನಿಗೂ ಮೇಲೆ. ತಿರುವಿನ ಜಗ್ಗು ಹೆಚ್ಚುಕಡಿಮೆ 4 ಟನ್. ಒಟ್ಟು ಹದಿನೇಳೂವರೆ ಟನ್ನಿನಷ್ಟು ಬಲ ಪಕ್ಕಕ್ಕೆ ತಳ್ಳುತ್ತಿದ್ದರೆ ಟೈರಿನ ಹಿಡಿತ 11 ಟನ್ನಿನ ಆಸುಪಾಸು. ಆರು ಟನ್ ಸಾಲದಾಯಿತು. ಇದೇ ಹೊತ್ತಿಗೆ ಅಲೆಯ ಬೆನ್ನಿನಿಂದ ಹಡಗು ಕೆಳಗಿಳಿಯತೊಡಗಿದರೆ ಲಾರಿ ಡೆಕ್ಕನ್ನು ಒತ್ತುವ ಭಾರ ಇಳಿಯುತ್ತದೆ, ಹಿಡಿತವೂ ಇಳಿಯುತ್ತದೆ. ಆಗ ಇಳಿಜಾರಿನ ಎಳೆತವೂ ತಗ್ಗುತ್ತದೆ ನಿಜ. ಪಕ್ಕದ ಜಗ್ಗು ಮಾತ್ರ ತಗ್ಗುವುದಿಲ್ಲ.

ಮೇಲಿನ ಡೆಕ್ಕಿನ ವಾಹನಗಳಿಗೆ ಅಪಾಯ ಹೆಚ್ಚು ಎಂಬುದೂ ಈ ಲೆಕ್ಕದೊಳಗೇ ಇದೆ. ಅಕ್ಷದಿಂದ ದೂರ ಹೋದಷ್ಟೂ ಜಗ್ಗು ಬೆಳೆಯುತ್ತದೆ. ಸರಕು ಸಾಗಿಸುವವರಿಗೆ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಕೂಡಿ ರೂಪಿಸಿರುವ ಸಂಹಿತೆಯೊಂದು ಸಮುದ್ರಗಳನ್ನು ಅಲೆಯ ಎತ್ತರದ ಮೇಲೆ ಮೂರು ವರ್ಗ ಮಾಡಿದೆ. ಅಲೆ 8 ಮೀಟರ್ ಮೀರದ ಕಡೆ ಸರಕಿನ ತೂಕದ ಅರ್ಧದಷ್ಟು ಬಲ ಪಕ್ಕಕ್ಕೆ ತಳ್ಳೀತೆಂದು ಎಣಿಸಿ ಕಟ್ಟಬೇಕು. 12 ಮೀಟರ್ ತನಕ ಹತ್ತರಲ್ಲಿ ಏಳು ಪಾಲು, ಅದನ್ನೂ ಮೀರಿದರೆ ಎಂಟು ಪಾಲು. ನೂರು ಕಿಲೋ ತೂಗುವ ಮನುಷ್ಯನನ್ನು ಎಂಬತ್ತು ಕಿಲೋ ಬಲ ಪಕ್ಕಕ್ಕೆ ನೂಕಿದಂತೆ. ಹತ್ತರಲ್ಲಿ ಮೂರು ಪಾಲಿನ ಹಿಡಿತ ಇದರ ಮುಂದೆ ಏನೂ ಅಲ್ಲ.

ಹಡಗನ್ನೇ ಹೊರಳದಂತೆ ಮಾಡಿದರೆ?

ಎಲ್ಲರಿಗೂ ಹೊಳೆಯುವ ಪ್ರಶ್ನೆ ಇದು. ತಳದಲ್ಲಿ ಭಾರ ಹೇರಿ ಹಡಗನ್ನು ಗಟ್ಟಿಯಾಗಿ ನಿಲ್ಲಿಸಬಹುದು. ಅಂಥ ಹಡಗು ವಾಲಿದ ಕೂಡಲೇ ರಪ್ಪನೆ ನೆಟ್ಟಗಾಗುತ್ತದೆ. ಆ ರಪ್ಪನೆ ಎಂಬುದೇ ತೊಂದರೆ. ಹೊರಳಿನ ಅವಧಿ ಅರ್ಧಕ್ಕಿಳಿದರೆ ತಿರುವಿನ ಜಗ್ಗು ನಾಲ್ಕು ಪಟ್ಟಾಗುತ್ತದೆ, ಸರಪಳಿಗಳು ಅಷ್ಟೂ ಹೊಡೆತ ತಿನ್ನಬೇಕಾಗುತ್ತದೆ. ಮೇಲ್ಭಾಗದಲ್ಲಿ ಭಾರವಿರುವ ಹಡಗು ನಿಧಾನಕ್ಕೆ, ಹಿತವಾಗಿ ತೂಗುತ್ತದೆ. ಆದರೆ ಹೆಚ್ಚು ವಾಲಿದರೆ ಮೇಲೇಳುವ ಕಸುವು ಅದಕ್ಕೆ ಕಡಿಮೆ. ಎರಡರ ನಡುವಿನ ಹದ ಹುಡುಕುವುದು ಹಡಗು ಕಟ್ಟುವವರ ನಿತ್ಯದ ತಲೆನೋವು.

ನೀರಿನೊಳಗೆ ಎರಡು ಬದಿಗೆ ಚಾಚುವ ರೆಕ್ಕೆಗಳು ಹೊರಳನ್ನು ಬಹಳ ಮಟ್ಟಿಗೆ ಅಡಗಿಸುತ್ತವೆ. ಅವುಗಳ ಮೇಲೆ ನೀರು ವೇಗವಾಗಿ ಹರಿದರೆ ಮಾತ್ರ ಅವು ಕೆಲಸ ಮಾಡುತ್ತವೆ. ಬಿರುಗಾಳಿಯಲ್ಲಿ ಹಡಗು ವೇಗ ತಗ್ಗಿಸಿತೆನ್ನಿ, ರೆಕ್ಕೆಗಳ ಬಲವೂ ಆಗಲೇ ಕುಗ್ಗುತ್ತದೆ. ಆದ್ದರಿಂದ ಕಟ್ಟದೆ ವಿಧಿಯಿಲ್ಲ.

ಜಾರಿದ ಮೇಲೆ

ಒಂದು ಲಾರಿ ಒಂದಿಷ್ಟು ಜಾರಿದರೆ ಏನಾಯಿತು? ಪಕ್ಕದ ಲಾರಿಗೆ ತಗುಲಿ ನಿಂತೀತು, ಕನ್ನಡಿ ಒಡೆದೀತು, ವಿಮೆಯವರು ನೋಡಿಕೊಂಡಾರು. ಹಾಗೆ ನಿಂತುಬಿಟ್ಟರೆ ಸರಿ. ಈ ಅಧ್ಯಾಯವನ್ನು ನಾನು ಬರೆಯಲು ಕಾರಣ ಅದು ಹಾಗೆ ನಿಲ್ಲದಿರುವ ಸಾಧ್ಯತೆ.

ವಾಹನ ಒಯ್ಯುವ ಹಡಗಿಗೂ ಉಳಿದ ಹಡಗುಗಳಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಸಾಮಾನ್ಯ ಹಡಗಿನ ಒಡಲನ್ನು ಗೋಡೆಗಳು ಕೋಣೆ ಕೋಣೆಯಾಗಿ ವಿಂಗಡಿಸಿರುತ್ತವೆ. ವಾಹನದ ಹಡಗಿನಲ್ಲಿ ಲಾರಿಗಳು ಒಂದು ತುದಿಯಿಂದ ಹತ್ತಿ ಇನ್ನೊಂದು ತುದಿಯಿಂದ ಇಳಿಯಬೇಕು. ಹಾಗಾಗಿ ಈ ಕೊನೆಯಿಂದ ಆ ಕೊನೆಗೆ ತೆರೆದ ಬಯಲು. 1987ರ ಮಾರ್ಚ್ 6ರಂದು ಬೆಲ್ಜಿಯಂನ ಝೀಬ್ರುಗ್ಗೆ ಬಂದರಿನ ಹೊರಗೆ ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್ ಮಗುಚಿ 193 ಜನ ಸತ್ತದ್ದು ಇಂಥ ಬಯಲಿಗೆ ತೆರೆದ ಬಾಗಿಲಿನಿಂದ ನುಗ್ಗಿದ ನೀರಿನಿಂದ. ನೀರು ಆ ಬಯಲಿನಲ್ಲಿ ಒಂದು ಬದಿಗೆ ಓಡಿ ಹಡಗನ್ನು ಕೆಡವಿತು. ನೀರು ಮಾಡುವ ಕೆಲಸವನ್ನೇ ಬಿಚ್ಚಿಹೋದ ಲಾರಿಗಳೂ ಮಾಡಬಲ್ಲವು.

ಹಡಗಿನ ಒಟ್ಟು ತೂಕ 15 ಸಾವಿರ ಟನ್, ಸಾಧಾರಣ ಸ್ಥಿರತೆ ಎಂದುಕೊಳ್ಳಿ. ತಲಾ 30 ಟನ್ನಿನ 20 ಲಾರಿಗಳು ಐದು ಮೀಟರ್ ಎಡಕ್ಕೆ ಸರಿದವು. ಹಡಗಿನ ಗುರುತ್ವ ಕೇಂದ್ರವೂ ಎಡಕ್ಕೆ ಸರಿಯಿತು. ಈಗ ಹಡಗು ನೆಟ್ಟಗೆ ನಿಲ್ಲುವ ಬದಲು ಏಳೆಂಟು ಡಿಗ್ರಿ ಎಡಕ್ಕೆ ವಾಲಿ ನಿಲ್ಲುತ್ತದೆ. ಅಲೆ ಮಾತ್ರ ಮೊದಲಿನಷ್ಟೇ ಇದೆ. ಮೊದಲು ಎಡಕ್ಕೆ 15 ಡಿಗ್ರಿ, ಬಲಕ್ಕೆ 15 ಡಿಗ್ರಿ ಹೊರಳುತ್ತಿದ್ದ ಹಡಗು ಈಗ ಎಡಕ್ಕೆ ಹೊರಳಿದಾಗ 22, 23 ಡಿಗ್ರಿ ಮುಟ್ಟುತ್ತದೆ. ಅಲ್ಲಿಯ ತನಕ ಹಿಡಿದು ನಿಂತಿದ್ದ ಉಳಿದ ವಾಹನಗಳು ಈಗ ತಮ್ಮ ಗೆರೆ ದಾಟಿದವು. ಅವೂ ಸರಿದವು. ವಾಲುವಿಕೆ ಇನ್ನಷ್ಟು ಹೆಚ್ಚಿತು. ಜಾರಿದ್ದರಿಂದ ವಾಲುತ್ತದೆ, ವಾಲಿದ್ದರಿಂದ ಜಾರುತ್ತದೆ. ಎಡಕ್ಕೆ ಹೋದ ಲಾರಿಗಳು ಬಲ ಹೊರಳಿನಲ್ಲಿ ಹಿಂತಿರುಗಿ ಬರುವುದಿಲ್ಲ, ಏಕೆಂದರೆ ಬಲಕ್ಕೆ ಆಗುವ ವಾಲುವಿಕೆ ಈಗ ಸಾಲದು.

2008ರ ಜನವರಿ 31ರಂದು ರಿವರ್‌ಡಾನ್ಸ್ ಎಂಬ ಹಡಗು ಉತ್ತರ ಐರ್ಲೆಂಡಿನ ವಾರೆನ್‌ಪಾಯಿಂಟಿನಿಂದ ಇಂಗ್ಲೆಂಡಿನ ಹೇಶಮ್‌ಗೆ ಹೊರಟಿತ್ತು. ಐರಿಷ್ ಸಮುದ್ರದಲ್ಲಿ ಬಿರುಗಾಳಿ. ದೊಡ್ಡ ಅಲೆಗೆ ಸಿಕ್ಕಿ ಹಡಗು ಜೋರಾಗಿ ಹೊರಳಿತು, ಸರಕು ಸರಿಯಿತು, ಹಡಗು ವಾಲಿಕೊಂಡು ಲ್ಯಾಂಕಶೈರ್ ತೀರದ ಮರಳಿಗೆ ಬಂದು ಕೂತಿತು. ಅದರಲ್ಲಿದ್ದ 23 ಜನರನ್ನೂ ಹೆಲಿಕಾಪ್ಟರ್‌ಗಳು ಎತ್ತಿ ಉಳಿಸಿದವು. ಹಡಗನ್ನು ಮತ್ತೆ ತೇಲಿಸಲಾಗಲಿಲ್ಲ. ಅಲ್ಲೇ ತುಂಡು ತುಂಡು ಮಾಡಿ ಸಾಗಿಸಬೇಕಾಯಿತು.

ಅಲೆಯಿಲ್ಲದ ಬೆಳಗ್ಗೆ

ದಕ್ಷಿಣ ಕೊರಿಯಾದ ಸೇವೋಲ್ ಹಡಗಿನ ಕಥೆ ಬೇರೆ ಬಗೆಯದು. ನನಗೆ ಇದನ್ನು ಬರೆಯುವುದು ಕಷ್ಟವೆನಿಸುತ್ತದೆ. 2014ರ ಏಪ್ರಿಲ್ 16ರ ಬೆಳಗ್ಗೆ ಇಂಚಾನ್‌ನಿಂದ ಜೆಜು ದ್ವೀಪದತ್ತ ಸಾಗುತ್ತಿದ್ದ ಆ ಹಡಗಿನಲ್ಲಿ 476 ಜನರಿದ್ದರು. 304 ಜನ ಸತ್ತರು. ಅವರಲ್ಲಿ 250 ಮಂದಿ ಪ್ರವಾಸ ಹೊರಟಿದ್ದ ಒಂದೇ ಪ್ರೌಢಶಾಲೆಯ ವಿದ್ಯಾರ್ಥಿಗಳು. ಆ ದಿನ ಸಮುದ್ರ ಶಾಂತವಾಗಿತ್ತು.

ಬಿರುಗಾಳಿ ಮಾಡುವ ಕೆಲಸವನ್ನು ಅಲ್ಲಿ ಮನುಷ್ಯರೇ ಹಂತಹಂತವಾಗಿ ಮಾಡಿಟ್ಟಿದ್ದರು. ಜಪಾನಿನಿಂದ ಕೊಂಡು ತಂದ ಹಳೆಯ ಹಡಗಿನ ಮೇಲ್ಭಾಗದಲ್ಲಿ ಇನ್ನಷ್ಟು ಕೋಣೆಗಳನ್ನು ಕಟ್ಟಿದ್ದರಿಂದ ಅದರ ಗುರುತ್ವ ಕೇಂದ್ರ ಮೇಲೇರಿತ್ತು. ಅನುಮತಿಯಿದ್ದ ಸರಕು 987 ಟನ್, ಹೇರಿದ್ದು ಅದರ ಎರಡು ಪಟ್ಟಿಗೂ ಹೆಚ್ಚು. ಹೆಚ್ಚಿನ ಸರಕಿಗೆ ಜಾಗ ಕೊಡಲು ತಳದಲ್ಲಿ ಸ್ಥಿರತೆಗಾಗಿ ತುಂಬಬೇಕಾದ ನೀರನ್ನು ಕಡಿಮೆ ಮಾಡಿದ್ದರು. ವಾಹನಗಳನ್ನು ಸರಿಯಾಗಿ ಬಿಗಿದಿರಲಿಲ್ಲ. ಕಂಟೇನರುಗಳನ್ನು ಸಾಧಾರಣ ಹಗ್ಗದಿಂದ ಕಟ್ಟಿದ್ದರು. ಜಿಂಡೋ ದ್ವೀಪದ ಬಳಿ ಹಡಗು ಬಲಕ್ಕೆ ತೀಕ್ಷ್ಣವಾಗಿ ತಿರುಗಿ ಎಡಕ್ಕೆ ವಾಲಿತು. ಆ ಮೊದಲ ತಿರುವು, ಮೊದಲ ವಾಲುವಿಕೆ ಏಕಾಯಿತು ಎಂಬ ಬಗ್ಗೆ ಮುಂದೆ ನೇಮಕವಾದ ತನಿಖಾ ಸಮಿತಿಯ ಸದಸ್ಯರಲ್ಲೇ ಒಮ್ಮತ ಮೂಡಲಿಲ್ಲ. ಆದರೆ ಆಮೇಲೆ ನಡೆದದ್ದಕ್ಕೆ ಸಾಕ್ಷಿಯಿದೆ. 2017ರಲ್ಲಿ ಹಡಗನ್ನು ಸಮುದ್ರತಳದಿಂದ ಎತ್ತಿದಾಗ ಕಾರುಗಳ ಗಾಜಿನ ಹಿಂದೆ ಅಂಟಿಸಿದ್ದ ಪುಟ್ಟ ಕ್ಯಾಮೆರಾಗಳು ಸಿಕ್ಕವು. ಮೂರು ವರ್ಷ ಉಪ್ಪುನೀರಿನಲ್ಲಿ ಮುಳುಗಿದ್ದ ಕೆಲವು ಕ್ಯಾಮೆರಾಗಳಿಂದ ತಜ್ಞರು ದೃಶ್ಯಗಳನ್ನು ಹೊರತೆಗೆದರು. ವಾಹನಗಳು ನಿಂತಲ್ಲಿಂದ ಕದಲಿ ಒಂದರ ಮೇಲೊಂದು ರಾಶಿಬೀಳುವುದು ಅವುಗಳಲ್ಲಿ ದಾಖಲಾಗಿತ್ತು.

ಎಲ್ಲ ಸರಕೂ ಬಿಗಿಯಾಗಿ ಕಟ್ಟಿದ್ದರೆ ಸೇವೋಲ್ ಉಳಿಯುತ್ತಿತ್ತು ಎಂದು ನಾನು ಹೇಳಲಾರೆ. ಅಷ್ಟು ಸ್ಥಿರತೆ ಕಳೆದುಕೊಂಡ ಹಡಗಿಗೆ ಅಪಾಯ ಹೇಗೂ ಕಾದಿತ್ತು. ಕಟ್ಟಿದ್ದರೆ ಅದು ಅಷ್ಟು ಬೇಗ ಅಷ್ಟೊಂದು ವಾಲುತ್ತಿರಲಿಲ್ಲ, ಮಕ್ಕಳಿಗೆ ಹೊರಬರಲು ಹೊತ್ತು ಸಿಗುತ್ತಿತ್ತು ಎಂದು ಮಾತ್ರ ಹೇಳಬಹುದು.

ಬಿಗಿಕಟ್ಟಿನ ಲೆಕ್ಕಾಚಾರ

ಅಂತರರಾಷ್ಟ್ರೀಯ ಸಾಗರ ಸಂಸ್ಥೆ 1985ರಲ್ಲಿ ರಸ್ತೆ ವಾಹನಗಳನ್ನು ಹಡಗಿನಲ್ಲಿ ಕಟ್ಟುವ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಡೆಕ್ಕಿನ ನೆಲದಲ್ಲಿ ಎರಡೂವರೆ ಮೀಟರಿಗಿಂತ ದೂರವಾಗದಂತೆ ಉದ್ದಕ್ಕೂ ಬಿಗಿಗಣ್ಣುಗಳು, ಅಂದರೆ ಸರಪಳಿ ಸಿಕ್ಕಿಸುವ ಗಟ್ಟಿ ಕುಳಿಗಳು ಇರಬೇಕು. ಲಾರಿಯ ಚಾಸಿಯಲ್ಲೂ ಅಂಥ ಕಣ್ಣುಗಳಿರಬೇಕು. 20 ಟನ್ ತನಕದ ಲಾರಿಗೆ ಬದಿಗೆ ಎರಡು, 30ರ ತನಕ ಮೂರು, 40ರ ತನಕ ನಾಲ್ಕು. ಪ್ರತಿ ಸರಪಳಿ ಹತ್ತು ಟನ್ನಿನಷ್ಟು ಎಳೆತ ತಡೆಯಬೇಕು. ಸರಪಳಿ ನಿಜಕ್ಕೂ ತುಂಡಾಗುವುದು ಅದರ ಎರಡರಷ್ಟು ಎಳೆತಕ್ಕೆ. ಅರ್ಧವನ್ನು ಕಷ್ಟಕಾಲಕ್ಕೆಂದು ಉಳಿಸಿಕೊಂಡೇ ಲೆಕ್ಕ ಹಾಕುತ್ತಾರೆ.

ಕಟ್ಟುವ ಕೋನವೂ ಮುಖ್ಯ. ಸರಪಳಿ ನೆಟ್ಟಗೆ ಕೆಳಗಿಳಿದರೆ ಲಾರಿಯನ್ನು ನೆಲಕ್ಕೆ ಒತ್ತುತ್ತದೆ, ಹಿಡಿತ ಹೆಚ್ಚಿಸುತ್ತದೆ, ಪಕ್ಕಕ್ಕೆ ಸರಿಯುವುದನ್ನು ನೇರವಾಗಿ ತಡೆಯದು. ನೆಲಕ್ಕೆ ಸಮನಾಗಿ ಮಲಗಿದರೆ ಸರಿಯುವುದನ್ನು ತಡೆಯುತ್ತದೆ, ಮಗುಚುವುದನ್ನು ತಡೆಯದು. ಆದ್ದರಿಂದ 30ರಿಂದ 60 ಡಿಗ್ರಿಯ ಓರೆಯಲ್ಲಿ ಕಟ್ಟಬೇಕೆಂಬ ನಿಯಮ. ಓರೆಯಿಂದಾಗಿ ಹತ್ತು ಟನ್ನಿನ ಸರಪಳಿಯಲ್ಲಿ ಸುಮಾರು ಐದರಿಂದ ಎಂಟೂವರೆ ಟನ್ ಮಾತ್ರ ಪಕ್ಕದ ತಡೆಗೆ ದಕ್ಕುತ್ತದೆ. ಹಡಗು ಎಡಕ್ಕೆ ವಾಲಿದಾಗ ಬಲಬದಿಯ ನಾಲ್ಕು ಸರಪಳಿಗಳಷ್ಟೇ ಎಳೆತ ಹೊರುತ್ತವೆ, ಎಡಬದಿಯವು ಆಗ ಸುಮ್ಮನಿರುತ್ತವೆ. ಇಷ್ಟೆಲ್ಲ ಕಳೆದರೂ ಆ ನಾಲ್ಕು ಸರಪಳಿಗಳ ಜೊತೆಗೆ ಟೈರಿನ ಹಿಡಿತ ಸೇರಿದರೆ ತೂಕದ ಹತ್ತರಲ್ಲಿ ಎಂಟು ಪಾಲಿನ ತಳ್ಳನ್ನೂ ತಾಳಿಕೊಳ್ಳಬಹುದು. ಲೆಕ್ಕ ಇಷ್ಟು ಚೆನ್ನಾಗಿ ಕೂಡಿಬರುವುದನ್ನು ಕಂಡಾಗ ಈ ನಿಯಮ ಬರೆದವರ ಮೇಲೆ ನನಗೆ ಗೌರವ ಮೂಡುತ್ತದೆ.

ಸರಪಳಿಯ ಒಂದು ತುದಿಯಲ್ಲಿ ಗುಮ್ಮಟದಾಕಾರದ ಉಕ್ಕಿನ ತುಂಡಿರುತ್ತದೆ, ನಾವಿಕರು ಅದನ್ನು ಆನೆಪಾದ ಎನ್ನುತ್ತಾರೆ. ಡೆಕ್ಕಿನ ಕುಳಿಯೊಳಗೆ ಇಳಿಸಿ ಸರಿಸಿದರೆ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ತುದಿಯ ಕೊಕ್ಕೆಯನ್ನು ಚಾಸಿಗೆ ಹಾಕಿ ಸನ್ನೆಯಿಂದ ಬಿಗಿಯುತ್ತಾರೆ. ಕೊಕ್ಕೆ ಸಿಕ್ಕಿಸುವುದು ಚಾಸಿಗೇ ಹೊರತು ಬಾಡಿಗಲ್ಲ, ಬಂಪರಿಗಂತೂ ಅಲ್ಲ. ಎಂಜಿನ್ ಇಲ್ಲದೆ ಬಿಟ್ಟುಹೋಗುವ ಟ್ರೈಲರಿನ ಮುಂಭಾಗವನ್ನು ಅದರದೇ ಸಪೂರ ಕಾಲುಗಳ ಮೇಲೆ ಬಿಡುವುದಿಲ್ಲ, ಬಲವಾದ ಪ್ರತ್ಯೇಕ ಆಸರೆಯ ಮೇಲೆ ಕೂರಿಸುತ್ತಾರೆ. ಡೀಸೆಲ್ ಲಾರಿಯನ್ನು ಗೇರಿನಲ್ಲಿ ಬಿಡಬಾರದೆಂದೂ ನಿಯಮವಿದೆ. ಅಲುಗಾಟಕ್ಕೆ ಎಂಜಿನ್ ತಾನೇ ಚಾಲೂ ಆಗಿಬಿಡಬಹುದು.

ಮೊದಲ ಅಂಗುಲ

ಇಷ್ಟೆಲ್ಲ ಮಾಡಿಯೂ ಸರಪಳಿ ತುಂಡಾಗುವುದುಂಟು. ಹಾಗಾಗುವುದಕ್ಕೆ ಸರಪಳಿಯ ಶಕ್ತಿ ಸಾಲದೆ ಹೋದದ್ದಕ್ಕಿಂತ ಹೆಚ್ಚಾಗಿ ಅದು ಸಡಿಲವಾಗಿದ್ದದ್ದು ಕಾರಣ. ಇಡೀ ವಿಷಯದ ಮರ್ಮ ಇರುವುದು ಇಲ್ಲಿ.

ಬಿಗಿದ ಸರಪಳಿ ಲಾರಿ ಕದಲುವ ಮೊದಲೇ ಎಳೆತ ಹೊರುತ್ತದೆ. ನಿಂತ ಲಾರಿಯನ್ನು ನಿಂತಲ್ಲೇ ಉಳಿಸಲು ಐದಾರು ಟನ್ನಿನ ಬಲ ಸಾಕಾಗಬಹುದು. ಸರಪಳಿ ಒಂದಂಗುಲ ಸಡಿಲವಿದ್ದರೆ ಲಾರಿ ಆ ಅಂಗುಲವನ್ನು ಜಾರಿಯೇ ಜಾರುತ್ತದೆ. ಜಾರುವಾಗ ವೇಗ ಗಳಿಸುತ್ತದೆ. ಆಮೇಲೆ ಸರಪಳಿ ಮಾಡಬೇಕಾದ ಕೆಲಸವೇ ಬೇರೆ. ಚಲಿಸುತ್ತಿರುವ 40 ಟನ್ನನ್ನು ಅದು ಕೂದಲೆಳೆಯಷ್ಟು ದೂರದಲ್ಲಿ ನಿಲ್ಲಿಸಬೇಕು. ಉಕ್ಕಿನ ಸರಪಳಿ ಹಿಗ್ಗುವುದು ಬಹಳ ಕಡಿಮೆಯಾದ್ದರಿಂದ ಆ ಹೊಡೆತ ಸಾಮಾನ್ಯ ಎಳೆತದ ಎಷ್ಟೋ ಪಟ್ಟು. ಎಂಟು ಸೆಕೆಂಡಿಗೋ ಹನ್ನೆರಡು ಸೆಕೆಂಡಿಗೋ ಒಮ್ಮೆ, ಗಂಟೆಗಟ್ಟಲೆ ಈ ಹೊಡೆತ ಬೀಳುತ್ತಲೇ ಇರುತ್ತದೆ. ಪ್ರತಿ ಹೊಡೆತಕ್ಕೂ ಕೊಕ್ಕೆ ತುಸು ಅರಳುತ್ತದೆ, ಸಡಿಲ ಇನ್ನಷ್ಟು ಬೆಳೆಯುತ್ತದೆ.

ಕಟ್ಟುವಾಗ ಬಿಗಿಯಾಗಿದ್ದದ್ದು ಆಮೇಲೆ ಸಡಿಲವಾಗುವುದು ಹೇಗೆ? ಲಾರಿ ಸ್ಪ್ರಿಂಗುಗಳ ಮೇಲೆ ಕೂತಿದೆ. ಡೆಕ್ ಮೇಲೆದ್ದಾಗ ಸ್ಪ್ರಿಂಗು ಕುಸಿದು ಚಾಸಿ ನೆಲಕ್ಕೆ ಹತ್ತಿರವಾಗುತ್ತದೆ, ಸರಪಳಿ ಜೋಲುತ್ತದೆ. ಅದಕ್ಕೇ ಗಾಳಿಚೀಲದ ಸಸ್ಪೆನ್ಷನ್ ಇರುವ ಲಾರಿಯ ಗಾಳಿಯನ್ನು ಮೊದಲು ಇಳಿಸಿ, ಚಾಸಿ ಕೂತ ಮೇಲೆ ಕಟ್ಟುವುದು ಕ್ಷೇಮ. ಸರಪಳಿಯ ಜೊತೆಗೆ ನೈಲಾನ್ ಪಟ್ಟಿಯನ್ನೂ ಸೇರಿಸಿ ಕಟ್ಟಿದರೆ ಇನ್ನೂ ಭದ್ರ ಎಂದು ಅನ್ನಿಸಬಹುದು. ಪಟ್ಟಿ ಹಿಗ್ಗುತ್ತದೆ, ಸರಪಳಿ ಹಿಗ್ಗದು. ಪಟ್ಟಿ ಎಳೆತ ಹೊರಲು ಶುರುಮಾಡುವ ಮೊದಲೇ ಸರಪಳಿ ಅಷ್ಟನ್ನೂ ಒಂಟಿಯಾಗಿ ಹೊತ್ತು ಕಡಿದಿರುತ್ತದೆ. ಒಂದು ವಾಹನಕ್ಕೆ ಒಂದೇ ಬಗೆಯ ಕಟ್ಟು ಎಂಬ ರೂಢಿ ಬಂದದ್ದು ಇದರಿಂದ. ದಾರಿಯಲ್ಲಿ ಮತ್ತೆ ಮತ್ತೆ ಬಂದು ಬಿಗಿ ನೋಡಬೇಕಾದ್ದೂ ಇದರಿಂದಲೇ.

ಮೊದಲ ಅಂಗುಲವನ್ನು ಕೊಡದಿದ್ದರೆ ಲಾರಿ ಹಡಗಿನ ಒಂದು ಅಂಗವಾಗಿ ಹಡಗಿನೊಂದಿಗೇ ಹೊರಳಿ ಹಡಗಿನೊಂದಿಗೇ ಏಳುತ್ತದೆ. ಕೊಟ್ಟರೆ ಅದು ಹಡಗಿನೊಳಗೆ ಬೇರೆಯೇ ಒಂದು ಚಲಿಸುವ ವಸ್ತುವಾಗುತ್ತದೆ.

ಮಗುಚುವ ಲಾರಿಗಳು

ಬುಡವನ್ನು ಭದ್ರವಾಗಿ ಹಿಡಿದುಕೊಂಡ ಲಾರಿಗೂ ಇನ್ನೊಂದು ಗಂಡಾಂತರವಿದೆ. ನಾಲ್ಕು ಮೀಟರ್ ಎತ್ತರ, ಎರಡೂವರೆ ಮೀಟರ್ ಅಗಲದ ಲಾರಿ ಸರಿಯಲಾರದೆ ಹೋದರೆ ಮಗುಚಬಹುದು. ಒಳಗಿನ ಸರಕು ಏನು, ಹೇಗಿದೆ ಎಂಬುದು ಡೆಕ್ಕಿನವರ ಕಣ್ಣಿಗೆ ಬೀಳುವುದೂ ಇಲ್ಲ. ಮಾಂಸ ಸಾಗಿಸುವ ಲಾರಿಯಲ್ಲಿ ಇಡೀ ದೇಹಗಳು ಚಾವಣಿಯ ಕೊಕ್ಕೆಗಳಿಂದ ತೂಗಾಡುತ್ತಿರುತ್ತವೆ. ತೂಗುವ ಭಾರ ತನ್ನ ಬಲವನ್ನು ಹಾಕುವುದು ಕೊಕ್ಕೆಯ ಎತ್ತರದಲ್ಲಿ, ಎಂದರೆ ಚಾವಣಿಯಲ್ಲಿ. ಅರ್ಧ ತುಂಬಿದ ಟ್ಯಾಂಕರಿನಲ್ಲಿ ದ್ರವ ವಾಲಿದ ಬದಿಗೇ ಓಡುತ್ತದೆ. ಲಾರಿಯೊಳಗಿನ ಪೆಟ್ಟಿಗೆಗಳನ್ನು ಕಟ್ಟದೆ ಹೇರಿದ್ದರೆ ಹೊರಗಿನ ಸರಪಳಿ ಎಷ್ಟು ಬಿಗಿಯಾಗಿದ್ದರೂ ಉಪಯೋಗವಿಲ್ಲ. ಕಟ್ಟುವ ಕೆಲಸ ಬಂದರಿನಲ್ಲಲ್ಲ, ಗೋದಾಮಿನಲ್ಲಿ ಶುರುವಾಗಬೇಕು.

ಮೊದಲು ಹೇಳಿದ ಲಾರ್ನ್–ಕೇರ್ನ್‌ರಯಾನ್ ದಾರಿಯಲ್ಲೇ 2018ರ ಡಿಸೆಂಬರ್ 18ರಂದು ಯುರೋಪಿಯನ್ ಕಾಸ್‌ವೇ ಎಂಬ ಹಡಗು ದೊಡ್ಡ ಅಲೆಗಳಿಗೆ ಸಿಕ್ಕಿ ಜೋರಾಗಿ ಹೊರಳಿತು. ಡೆಕ್ಕಿನಲ್ಲಿ ಹಲವು ಲಾರಿಗಳು ಮಗುಚಿದವು. ಬ್ರಿಟನ್ನಿನ ಹಡಗು ಅಪಘಾತ ತನಿಖಾ ವಿಭಾಗ ಆ ಬಗ್ಗೆ ವರದಿ ನೀಡಿತು. ಅದರಲ್ಲಿ ನನ್ನನ್ನು ಹೆಚ್ಚು ಕಾಡಿದ ಅಂಶ ಸರಪಳಿಯದ್ದಲ್ಲ. ಪ್ರಯಾಣದ ಹೊತ್ತಿನಲ್ಲಿ ವಾಹನದ ಡೆಕ್ಕಿನಲ್ಲಿ ಯಾರೂ ಇರಕೂಡದೆಂಬ ನಿಯಮವಿದ್ದರೂ ಹಲವು ಲಾರಿ ಚಾಲಕರು ತಮ್ಮ ಕ್ಯಾಬಿನ್ನಿನಲ್ಲೇ ಉಳಿದಿದ್ದರು. ಒಬ್ಬರು ಒಳಗೆ ಸಿಕ್ಕಿಕೊಂಡು, ಬಂದರಿನಲ್ಲಿ ತುರ್ತು ಸೇವೆಯವರು ಬಂದು ಬಿಡಿಸಬೇಕಾಯಿತು. ಚಾಲಕರು ಹಾಗೆ ಉಳಿಯುವುದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ದಿನವಿಡೀ ಓಡಿಸಿ ದಣಿದವರಿಗೆ ಕ್ಯಾಬಿನ್ನಿನ ಹಾಸಿಗೆಗಿಂತ ಪರಿಚಿತ ಜಾಗ ಬೇರೆ ಯಾವುದಿದೆ? ಆದರೆ ಲಾರಿ ಮಗುಚಿದರೆ ಮೊದಲು ನಜ್ಜುಗುಜ್ಜಾಗುವುದು ಅದೇ ಜಾಗ.

ಕ್ಯಾಪ್ಟನ್ನರ ಕೈಯಲ್ಲೂ ಒಂದು ಉಪಾಯವಿದೆ, ಅಗ್ಗದ್ದೂ ಹೌದು. ಅಲೆ ಬದಿಗೆ ಬಡಿದಾಗ ಹೊರಳು ಅತಿ ಹೆಚ್ಚು. ನೇರ ದಾರಿ ಬಿಟ್ಟು ಅಲೆಗೆ ಮೂತಿಯನ್ನೋ ಹಿಂಭಾಗವನ್ನೋ ಓರೆಯಾಗಿ ಕೊಟ್ಟು ಸುತ್ತಿಕೊಂಡು ಹೋದರೆ ಹೊರಳು ಬಹಳ ತಗ್ಗುತ್ತದೆ. ಖರ್ಚಾಗುವುದು ಒಂದಿಷ್ಟು ಹೊತ್ತು, ಒಂದಿಷ್ಟು ಎಣ್ಣೆ. ಗಾಳಿ ಇನ್ನೂ ಹೆಚ್ಚಿದ್ದರೆ ಬಂದರು ಬಿಡದಿರುವುದು ಎಲ್ಲಕ್ಕಿಂತ ಮೇಲು. ವೇಳಾಪಟ್ಟಿಯ ಒತ್ತಡದಲ್ಲಿ ಈ ಎರಡೂ ತೀರ್ಮಾನ ಕಷ್ಟವಾಗುತ್ತವೆ. ಹಡಗಿನ ಒಡೆಯರು ಆ ಒತ್ತಡವನ್ನು ಕ್ಯಾಪ್ಟನ್ನರ ಹೆಗಲಿನಿಂದ ಇಳಿಸಬೇಕು. ಡೆಕ್ ಸಿಬ್ಬಂದಿಗೆ ಒಂದೊಂದು ಲಾರಿಯನ್ನೂ ಸರಿಯಾಗಿ ಕಟ್ಟುವಷ್ಟು ಸಮಯ ಕೊಡಬೇಕು. ಗಾಳಿ ಎದ್ದ ಮೇಲೆ ಕಟ್ಟಲು ಹೋಗುವವನು ಸರಿಯುವ ಲಾರಿಗಳ ನಡುವೆ ತನ್ನ ಜೀವವನ್ನೇ ಒಡ್ಡುತ್ತಾನೆ.

ಗುಜರಾತಿನ ಘೋಘಾ–ಹಜೀರಾ, ಮುಂಬಯಿ–ಮಾಂಡ್ವಾ ಹಡಗುಗಳಲ್ಲಿ ಇಂದು ಕನ್ನಡಿಗರೂ ಕಾರು ಒಯ್ಯುತ್ತಾರೆ. ಯುರೋಪಿನಲ್ಲಿ, ನ್ಯೂಜಿಲೆಂಡಿನಲ್ಲಿ ನೆಲೆಸಿದವರಂತೂ ಹೆಚ್ಚು ಒರಟಾದ ಕಡಲುಗಳನ್ನು ದಾಟುತ್ತಾರೆ. ನೀವು ಹಾಗೆ ಹೋಗುವಾಗ ಕೈಬ್ರೇಕನ್ನು ಪೂರ್ತಿ ಎಳೆಯಿರಿ, ಸಿಬ್ಬಂದಿ ಹೇಳಿದ ಗೇರಿನಲ್ಲೇ ವಾಹನ ಬಿಡಿ, ಡಿಕ್ಕಿಯಲ್ಲಿ ಉರುಳುವ ಸಿಲಿಂಡರು, ಡಬ್ಬಗಳಿದ್ದರೆ ಮೊದಲೇ ಕಟ್ಟಿಡಿ. ಬೇಕಾದ ಔಷಧಿ, ಬೆಚ್ಚನೆ ಬಟ್ಟೆ ಕೈಯಲ್ಲಿ ತೆಗೆದುಕೊಂಡು ಮೇಲೆ ಹೋಗಿ, ಏನೋ ಮರೆತೆನೆಂದು ನಡುದಾರಿಯಲ್ಲಿ ವಾಹನದ ಡೆಕ್ಕಿಗೆ ಇಳಿಯಬೇಡಿ. ಹಡಗು ದಡಕ್ಕೆ ತಾಗಿ ಸಿಬ್ಬಂದಿ ಕರೆಯುವ ತನಕ ಅಲ್ಲಿ ನಿಮಗೆ ಯಾವ ಕೆಲಸವೂ ಇಲ್ಲ.